ಕಡಲಾಮೆ ಸ್ಪಾನ್ಸರ್ ಮಾಡುವುದು: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆನ್ನ ಮೇಲೆ ಟ್ಯಾಗ್ ಹೊತ್ತ ಕಡಲಾಮೆಗೆ ದುಡ್ಡು ಕೊಟ್ಟು, ಅದು ಎಲ್ಲಿ ಈಜುತ್ತಿದೆ ಅಂತ ಮೊಬೈಲಿನಲ್ಲಿ ನೋಡುವ ವಿಷಯ ಬಂದಾಗಲೆಲ್ಲ ಅದದೇ ಪ್ರಶ್ನೆಗಳು ಬರುತ್ತವೆ. ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಒಂದು ಸಲ, ಆಫೀಸಿನಲ್ಲಿ ಒಂದು ಸಲ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಇನ್ನೊಂದು ಸಲ. ಎಲ್ಲ ಒಂದೇ ಕಡೆ ಬರೆದಿಟ್ಟರೆ ಲಿಂಕ್ ಕಳಿಸಿ ಸುಮ್ಮನಾಗಬಹುದು ಅಂತ ಬರೆದಿದ್ದೇವೆ. ನಾವು ಸಂಸ್ಥೆ ಅಲ್ಲ, ಆಸಕ್ತಿ ಇರುವ ಒಂದಿಷ್ಟು ಗೆಳೆಯರು. ದುಡ್ಡು ನಮ್ಮ ಕೈಗೆ ಕೊಡಬೇಡಿ, ನಾವು ತೆಗೆದುಕೊಳ್ಳುವುದೂ ಇಲ್ಲ.

ಸ್ಪಾನ್ಸರ್ ಮಾಡೋದು ಅಂದ್ರೆ ನಿಜವಾಗಿ ಏನು?

ಕಡಲಾಮೆಗಳ ಬಗ್ಗೆ ಕೆಲಸ ಮಾಡುವ ಸಂಸ್ಥೆಗೆ ನೀವು ದುಡ್ಡು ಕೊಡುತ್ತೀರಿ. ಅವರು ತಾವು ಟ್ಯಾಗ್ ಹಾಕಿದ ಒಂದು ಆಮೆಯನ್ನು ನಿಮಗೆ ಪರಿಚಯ ಮಾಡಿಸುತ್ತಾರೆ. ಸಾಮಾನ್ಯವಾಗಿ ಒಂದು ಪ್ರಮಾಣಪತ್ರ, ಆಮೆಯ ಫೋಟೊ, ಅದು ಹೋದ ದಾರಿಯ ನಕ್ಷೆ ಸಿಗುತ್ತದೆ. ಕೆಲವರು ಬಟ್ಟೆಯ ಗೊಂಬೆಯನ್ನೂ ಕಳಿಸುತ್ತಾರೆ. ಒಂದೇ ಆಮೆಗೆ ನೂರಾರು ಜನ ಸ್ಪಾನ್ಸರ್ ಇರಬಹುದು, ಅದರಲ್ಲಿ ಮೋಸ ಏನೂ ಇಲ್ಲ.

ನಿಮ್ಮ ದುಡ್ಡು ಪೂರ್ತಿ ಆ ಒಂದು ಆಮೆಗೇ ಖರ್ಚಾಗುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಕಡಲಲ್ಲಿರುವ ಆಮೆಗೆ ನಾವು ಊಟ ಹಾಕುವುದಿಲ್ಲ, ಔಷಧಿ ಕೊಡುವುದಿಲ್ಲ. ದುಡ್ಡು ಹೋಗುವುದು ಟ್ಯಾಗಿಗೆ, ಉಪಗ್ರಹದ ಮಾಹಿತಿಯ ಬಾಡಿಗೆಗೆ, ರಾತ್ರಿಯಿಡೀ ಮರಳಿನ ಮೇಲೆ ನಡೆಯುವ ಹುಡುಗ ಹುಡುಗಿಯರ ಸಂಬಳಕ್ಕೆ, ಅವರ ಬೈಕಿನ ಪೆಟ್ರೋಲಿಗೆ. ಆಮೆ ಎಲ್ಲಿಗೆ ಹೋಗುತ್ತದೆ ಅನ್ನುವ ಮಾಹಿತಿಗೆ, ಆ ಮಾಹಿತಿ ತರುವ ಜನರಿಗೆ ನೀವು ದುಡ್ಡು ಕೊಡುತ್ತಿದ್ದೀರಿ. ಇದು ತಲೆಯಲ್ಲಿದ್ದರೆ ಮುಂದಿನ ಅರ್ಧ ಪ್ರಶ್ನೆಗಳು ಬರುವುದೇ ಇಲ್ಲ.

ಆಮೆ ನಮ್ಮದಾಗುತ್ತಾ? ಮನೆಗೆ ಕೊಡ್ತಾರಾ?

ಇಲ್ಲ. ನಗಬೇಡಿ, ಇದನ್ನು ನಿಜವಾಗಿಯೂ ಕೇಳುತ್ತಾರೆ. ನಮ್ಮ ದೇಶದ ಕಡಲಾಮೆಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಹಾಗೇ, ಮನೆಯ ಗಾಜಿನ ತೊಟ್ಟಿಯಲ್ಲಿ ಅದೃಷ್ಟಕ್ಕೆ ಅಂತ ನಕ್ಷತ್ರ ಆಮೆ ಸಾಕಿಕೊಂಡಿದ್ದರೆ ಅದು ಅಪರಾಧ. ಕೆಂಪು ಕಿವಿಯ ವಿದೇಶಿ ಆಮೆ ಬೇಜಾರಾಯಿತು ಅಂತ ಹಲಸೂರು ಕೆರೆಗೆ ಬಿಟ್ಟು ಬರುವುದೂ ಬೇಡ, ಅದು ಅಲ್ಲಿನ ನಮ್ಮ ಆಮೆಗಳ ಜಾಗ ಕಿತ್ತುಕೊಳ್ಳುತ್ತದೆ.

ಬೆಂಗಳೂರಿಗೂ ಕಡಲಿಗೂ ಏನು ಸಂಬಂಧ?

ಯಾವ ಕಡೆ ಹೋದರೂ ಕಡಲು ಮುನ್ನೂರು ಕಿಲೋಮೀಟರ್ ದೂರ, ನಿಜ. ಆದರೆ ನಮ್ಮ ಮೋರಿ ನೀರಿಗೆ ಆ ದೂರ ಲೆಕ್ಕಕ್ಕಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹೊರಟ ನೀರು ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡು ದಾಟಿ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ, ಕಾವೇರಿ ಅದೇ ಕಡಲಿಗೆ. ಮೈಸೂರು ರಸ್ತೆಯಲ್ಲಿ ಎಸೆದ ಪ್ಲಾಸ್ಟಿಕ್ ಚೀಲಕ್ಕೆ ಕಡಲಿನ ದಾರಿ ಗೊತ್ತು.

ಇನ್ನೊಂದು ಸಂಬಂಧವೂ ಇದೆ, ಅದು ಹೆಮ್ಮೆ ಪಡುವಂಥದ್ದು. ಕಡಲಾಮೆಗಳ ಮೇಲೆ ದೇಶದಲ್ಲಿ ನಡೆದಿರುವ ಒಳ್ಳೆಯ ಕೆಲಸದಲ್ಲಿ ದೊಡ್ಡ ಪಾಲು ನಮ್ಮ ಊರಿನದು. ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಜಾಗ, ಮತ್ತು ಇಲ್ಲೇ ಇರುವ ದಕ್ಷಿಣ್ ಫೌಂಡೇಶನ್ ಅಂಡಮಾನಿನಲ್ಲಿ, ಒಡಿಶಾದಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿವೆ. ಆಮೆಯ ಸಿಗ್ನಲ್ ಹಿಡಿಯುವ ಉಪಗ್ರಹಗಳಲ್ಲಿ ಇಸ್ರೋ ಹಾರಿಸಿದವೂ ಇವೆ. ಅದನ್ನು ಮುಂದೆ ನೋಡೋಣ.

ಟ್ಯಾಗ್ ಹೇಗೆ ಕೆಲಸ ಮಾಡುತ್ತೆ? ಜಿಪಿಎಸ್ ತಾನೇ?

ಹೆಚ್ಚಿನವು ಜಿಪಿಎಸ್ ಅಲ್ಲ. ಟ್ಯಾಗ್ ಅಂದರೆ ಒಂದು ಚಿಕ್ಕ ರೇಡಿಯೋ, ಮೇಲೊಂದು ಆಂಟೆನಾ, ಒಳಗೊಂದು ಬ್ಯಾಟರಿ. ರೇಡಿಯೋ ಅಲೆ ಉಪ್ಪುನೀರು ದಾಟುವುದಿಲ್ಲ. ಹಾಗಾಗಿ ಟ್ಯಾಗಿನಲ್ಲಿ ಒಂದು ಉಪ್ಪುನೀರಿನ ಸ್ವಿಚ್ ಇರುತ್ತದೆ. ಆಮೆ ನೀರಿನೊಳಗೆ ಇರುವಷ್ಟು ಹೊತ್ತು ರೇಡಿಯೋ ಸುಮ್ಮನಿದ್ದು ಬ್ಯಾಟರಿ ಉಳಿಸುತ್ತದೆ, ಉಸಿರಾಡಲು ಮೇಲೆ ಬಂದ ತಕ್ಷಣ ಸಿಗ್ನಲ್ ಕಳಿಸುತ್ತದೆ. ಆಮೆ ಮೇಲಿರುವುದು ಸ್ವಲ್ಪವೇ ಹೊತ್ತು. ಅದೇ ಹೊತ್ತಿಗೆ ತಲೆಯ ಮೇಲೆ ಒಂದು ಉಪಗ್ರಹ ಹಾದು ಹೋಗುತ್ತಿರಬೇಕು, ಅದೂ ಒಂದು ಸಲಕ್ಕೆ ಕಾಣಿಸುವುದು ಹತ್ತು ನಿಮಿಷದ ಆಸುಪಾಸು. ಎರಡೂ ಕೂಡಿ ಬಂದರೆ ನಕ್ಷೆಯ ಮೇಲೆ ಒಂದು ಚುಕ್ಕಿ.

ಜಾಗ ಗೊತ್ತಾಗುವುದು ಹೇಗೆ? ಹೊಸೂರು ರಸ್ತೆಯಲ್ಲಿ ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀರಲಾಗಿ ಕೇಳುತ್ತದೆ, ದಾಟಿ ಹೋದ ಮೇಲೆ ದಪ್ಪಗಾಗುತ್ತದೆ ಅಲ್ವಾ, ಅದೇ ತತ್ವ. ಉಪಗ್ರಹ ಹತ್ತಿರ ಬರುವಾಗ ಮತ್ತು ದೂರ ಹೋಗುವಾಗ ಸಿಗ್ನಲ್ಲಿನ ಕಂಪನ ಎಷ್ಟು ಬದಲಾಯಿತು ಅನ್ನುವುದರಿಂದ ಆಮೆ ಎಲ್ಲಿದೆ ಅಂತ ಲೆಕ್ಕ ಹಾಕುತ್ತಾರೆ. ಈ ವ್ಯವಸ್ಥೆಯ ಹೆಸರು ಆರ್ಗೋಸ್. ಫ್ರಾನ್ಸ್ ಮತ್ತು ಅಮೆರಿಕ ಸೇರಿ 1978ರಲ್ಲಿ ಶುರು ಮಾಡಿದ್ದು. 2013ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಹಾರಿದ ಸರಳ್ ಉಪಗ್ರಹದಲ್ಲಿ ಆರ್ಗೋಸ್ ಉಪಕರಣ ಇತ್ತು. 2022ರ ನವೆಂಬರ್ 26ರಂದು ಹೋದ ಇಒಎಸ್-06ರಲ್ಲೂ ಇದೆ.

ಆದ್ದರಿಂದ ನಕ್ಷೆಯ ಚುಕ್ಕಿ ಸ್ವಿಗ್ಗಿ ಹುಡುಗನ ಚುಕ್ಕಿಯಷ್ಟು ನಿಖರ ಇರುತ್ತದೆ ಅಂತ ಕಾಯಬೇಡಿ. ಒಳ್ಳೆಯ ದರ್ಜೆಯ ಚುಕ್ಕಿ 250 ಮೀಟರ್ ಒಳಗೆ ಸರಿ ಇರುತ್ತದೆ. ಕೆಟ್ಟದ್ದು ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿಯೇ ತಪ್ಪಬಹುದು. ಹೊಸ ದುಬಾರಿ ಟ್ಯಾಗುಗಳಲ್ಲಿ ಕ್ಷಣದಲ್ಲಿ ಹಿಡಿಯುವ ಜಿಪಿಎಸ್ ಕೂಡ ಬಂದಿದೆ.

ನಮ್ಮ ಆಮೆ ನಕ್ಷೆಯಲ್ಲಿ ರಸ್ತೆ ಮೇಲಿದೆಯಲ್ಲ!

ಮೇಲಿನ ಉತ್ತರ ಓದಿ. ಹೆಚ್ಚಾಗಿ ಅದು ಕಡಲಲ್ಲೇ ಇರುತ್ತದೆ, ಚುಕ್ಕಿ ತಪ್ಪಿರುತ್ತದೆ ಅಷ್ಟೇ.

ಟ್ಯಾಗ್ ಅಂಟಿಸುವಾಗ ಆಮೆಗೆ ನೋವಾಗಲ್ವಾ?

ಕೇಳಲೇಬೇಕಾದ ಪ್ರಶ್ನೆ. ಆಲಿವ್ ರಿಡ್ಲೆ ಥರದ ಗಟ್ಟಿ ಚಿಪ್ಪಿನ ಆಮೆಗಳಿಗೆ ಚಿಪ್ಪನ್ನು ಉಜ್ಜಿ, ಒರೆಸಿ, ಎಪಾಕ್ಸಿ ಅಂಟಿನಿಂದ ಟ್ಯಾಗ್ ಕೂರಿಸುತ್ತಾರೆ. ಆಲಿವ್ ರಿಡ್ಲೆ 35ರಿಂದ 50 ಕಿಲೋ ತೂಗುತ್ತದೆ, ಟ್ಯಾಗ್ ಕೆಲವು ನೂರು ಗ್ರಾಂ. ಮೊಟ್ಟೆ ಇಟ್ಟು ಮುಗಿಸಿ ವಾಪಸ್ ಹೊರಟ ಆಮೆಯನ್ನು ಮಾತ್ರ ನಿಲ್ಲಿಸುತ್ತಾರೆ. ಅಂಟು ಒಣಗುವವರೆಗೆ ಹಿಡಿದಿಡುತ್ತಾರೆ, ಆಮೇಲೆ ಬಿಡುತ್ತಾರೆ. ಅದಕ್ಕೆ ಕಿರಿಕಿರಿಯೇ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆನ್ನ ಮೇಲೆ ಏನೇ ಇದ್ದರೂ ಈಜುವಾಗ ನೀರು ತಡೆಯುತ್ತದೆ. ಅದಕ್ಕೇ ಒಳ್ಳೆಯ ಸಂಶೋಧಕರು ಸಿಕ್ಕ ಸಿಕ್ಕ ಆಮೆಗೆಲ್ಲ ಟ್ಯಾಗ್ ಹಾಕುವುದಿಲ್ಲ. ಉತ್ತರ ಬೇಕಾದ ಒಂದು ಪ್ರಶ್ನೆ ಇದ್ದಾಗ, ಅರಣ್ಯ ಇಲಾಖೆಯ ಅನುಮತಿ ಪಡೆದು, ಕೆಲವಕ್ಕೆ ಮಾತ್ರ ಹಾಕುತ್ತಾರೆ.

ಟ್ಯಾಗ್ ಹಾಕಿದ ಆಮೆಗಳಿಗೆ ಯಾಕೆ ಎಲ್ಲ ಹೆಣ್ಣು ಹೆಸರುಗಳೇ?

ಗಂಡು ಕಡಲಾಮೆ ದಡಕ್ಕೆ ಬರುವುದು ತೀರಾ ಅಪರೂಪ. ಮರಿಯಾಗಿ ನೀರಿಗಿಳಿದರೆ ಮುಗಿಯಿತು. ಮೊಟ್ಟೆ ಇಡಲು ಬರುವ ಹೆಣ್ಣೇ ಕೈಗೆ ಸಿಗುವುದು.

ಎರಡು ವಾರದಿಂದ ಚುಕ್ಕಿ ಅಲ್ಲಾಡ್ತಿಲ್ಲ. ಸತ್ತು ಹೋಯ್ತಾ?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದೇ, ಅದೂ ಸಾಮಾನ್ಯವಾಗಿ ರಾತ್ರಿ ಹನ್ನೊಂದರ ಮೇಲೆ. ಸತ್ತಿರಬಹುದು, ಆದರೆ ಅದಕ್ಕಿಂತ ಮೊದಲು ಯೋಚಿಸಬೇಕಾದ ಕಾರಣಗಳು ಬಹಳ ಇವೆ. ಬ್ಯಾಟರಿ ಮುಗಿದಿರಬಹುದು. ಬಂಡೆಗೆ ಉಜ್ಜಿ ಆಂಟೆನಾ ಮುರಿದಿರಬಹುದು. ಟ್ಯಾಗಿನ ಮೇಲೆ ಪಾಚಿ, ಬಾರ್ನಕಲ್ ಅನ್ನುವ ಚಿಪ್ಪುಹುಳ ಬೆಳೆದು ಸ್ವಿಚ್ ಮುಚ್ಚಿಹೋಗಿರಬಹುದು. ಚಿಪ್ಪಿನ ಮೇಲ್ಪದರ ಕಳಚುವಾಗ ಟ್ಯಾಗೂ ಜೊತೆಗೆ ಬಿದ್ದಿರಬಹುದು. ಟ್ಯಾಗ್ ಶಾಶ್ವತವಾಗಿ ಇರಬೇಕು ಅಂತ ಮಾಡಿದ್ದೇ ಅಲ್ಲ. ಕೆಲವು ತಿಂಗಳಿಂದ ಒಂದು ವರ್ಷ ಚಿಲ್ಲರೆ ನಡೆದರೆ ಒಳ್ಳೆಯ ಬಾಳಿಕೆ.

ಮಹಾರಾಷ್ಟ್ರದ ಉದಾಹರಣೆ ನೋಡಿ. 2022ರ ಆರಂಭದಲ್ಲಿ ಅಲ್ಲಿನ ಮ್ಯಾಂಗ್ರೋವ್ ಫೌಂಡೇಶನ್ ಮತ್ತು ಭಾರತೀಯ ವನ್ಯಜೀವಿ ಸಂಸ್ಥೆ ಸೇರಿ ಕೊಂಕಣ ತೀರದಲ್ಲಿ ಐದು ಆಲಿವ್ ರಿಡ್ಲೆಗಳಿಗೆ ಟ್ಯಾಗ್ ಹಾಕಿದರು. ಪ್ರಥಮಾ, ಸಾವನಿ, ರೇವಾ, ವನಶ್ರೀ, ಲಕ್ಷ್ಮಿ ಅಂತ ಹೆಸರು. ಒಂದೊಂದೇ ಸಿಗ್ನಲ್ ನಿಲ್ಲುತ್ತಾ ಬಂತು, ಕೊನೆಗೆ ಐದೂ ನಿಂತವು. ಹಾಗಂತ ಕೆಲಸ ಸೋತಿತು ಅಂತ ಅಲ್ಲಿ ಯಾರೂ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ, 2023ರ ಫೆಬ್ರವರಿಯಲ್ಲಿ ಗುಹಾಗರದಲ್ಲಿ ಬಾಗೇಶ್ರೀ ಮತ್ತು ಗುಹಾ ಅನ್ನುವ ಇನ್ನೆರಡಕ್ಕೆ ಹಾಕಿದರು. ಬಾಗೇಶ್ರೀ ನಮ್ಮ ಕರಾವಳಿ ದಾಟಿ, ಕೇರಳ ದಾಟಿ, ಶ್ರೀಲಂಕಾ ಸುತ್ತಿ ಬಂಗಾಳ ಕೊಲ್ಲಿಗೇ ಹೋಗಿಬಿಟ್ಟಿತು!

ಆದರೆ ಒಂದು ಮಾತು. ಚುಕ್ಕಿ ನೀರಿನಿಂದ ದಡಕ್ಕೆ ಬಂದು, ಹಗಲು ರಾತ್ರಿ ಒಳ್ಳೆಯ ಸಿಗ್ನಲ್ ಕೊಡುತ್ತಾ ಒಂದೇ ಕಡೆ ಇದ್ದರೆ, ಅಥವಾ ಬಂದರಿನ ಕಡೆ ನೇರವಾಗಿ ವೇಗವಾಗಿ ಹೋದರೆ ಸಂಶೋಧಕರಿಗೂ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಆಮೆ ಬಲೆಗೆ ಸಿಕ್ಕಿರಬಹುದು, ಇಲ್ಲವೇ ಟ್ಯಾಗ್ ಯಾರದೋ ದೋಣಿಯಲ್ಲಿರಬಹುದು. ಆ ಸುದ್ದಿಯೂ ಮಾಹಿತಿಯೇ. ಮಕ್ಕಳ ಹೆಸರಿನಲ್ಲಿ ಸ್ಪಾನ್ಸರ್ ಮಾಡುವುದಾದರೆ ಇದನ್ನು ಅವರಿಗೆ ಮೊದಲೇ ಹೇಳಿಡಿ.

ಇಷ್ಟು ದುಡ್ಡು ಸುರಿದು ಏನು ಗೊತ್ತಾಗಿದೆ?

ಸುಮಾರಿದೆ. ಲಿಟಲ್ ಅಂಡಮಾನ್ ದ್ವೀಪದಲ್ಲಿ 2011ರಿಂದ 2014ರ ನಡುವೆ ಲೆದರ್‌ಬ್ಯಾಕ್ ಆಮೆಗಳಿಗೆ ಟ್ಯಾಗ್ ಹಾಕಿದರು. ಮೇಲೆ ಹೇಳಿದ ಬೆಂಗಳೂರಿನ ತಂಡಗಳದೇ ಕೆಲಸ. ಲೆದರ್‌ಬ್ಯಾಕ್ ಅಂದರೆ ಕಡಲಾಮೆಗಳಲ್ಲೇ ದೊಡ್ಡದು, ಕೆಲವು ಐನೂರು ಕಿಲೋ ಮುಟ್ಟುತ್ತವೆ. ಒಂದೇ ಮರಳಿನಿಂದ ಹೊರಟ ಆಮೆಗಳು ಎರಡು ದಿಕ್ಕು ಹಿಡಿದವು. ಕೆಲವು ಆಸ್ಟ್ರೇಲಿಯಾದ ಪಶ್ಚಿಮಕ್ಕೆ, ಕೆಲವು ಆಫ್ರಿಕಾದ ಕಡೆಗೆ. ಒಂದು ಆಮೆಯಂತೂ 13,000 ಕಿಲೋಮೀಟರ್ ದಾಟಿ ಮೊಜಾಂಬಿಕ್ ಹತ್ತಿರ ಮುಟ್ಟಿತು. ಅಂಡಮಾನಿನಲ್ಲಿ ನಾವು ಎಷ್ಟೇ ಚೆನ್ನಾಗಿ ಮೊಟ್ಟೆ ಕಾದರೂ ಮೊಜಾಂಬಿಕ್ ಕಡಲಲ್ಲಿ ಬಲೆ ಬಿದ್ದರೆ ಮುಗಿಯಿತು, ಅದು ಗೊತ್ತಾಗಿದ್ದು ಟ್ಯಾಗಿನಿಂದ.

ಉಪಗ್ರಹವೇ ಬೇಕು ಅಂತಲೂ ಇಲ್ಲ. ರೆಕ್ಕೆಗಾಲಿಗೆ ಹಾಕುವ ನಂಬರಿನ ಲೋಹದ ಪಟ್ಟಿ ಇದೆ, ಬಹಳ ಅಗ್ಗ. ಒಡಿಶಾದಲ್ಲಿ 2021ರ ಮಾರ್ಚಿನಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯವರು 03233 ಅನ್ನುವ ಪಟ್ಟಿ ಹಾಕಿದ್ದ ಆಮೆ 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರದಲ್ಲಿ ಮೊಟ್ಟೆ ಇಡಲು ಬಂತು. ಸುಮಾರು 3,500 ಕಿಲೋಮೀಟರ್ ದೂರ. ಪೂರ್ವ ತೀರದ ಆಮೆಗಳೇ ಬೇರೆ, ಪಶ್ಚಿಮ ತೀರದವೇ ಬೇರೆ ಅಂದುಕೊಂಡಿದ್ದವರೆಲ್ಲ ಮತ್ತೆ ಯೋಚಿಸಬೇಕಾಯಿತು.

ಟ್ಯಾಗ್ ಬದಲು ಮೊಟ್ಟೆ ಕಾಯೋಕೆ ದುಡ್ಡು ಕೊಟ್ಟರೆ ಒಳ್ಳೇದಲ್ವಾ?

ಇದರ ಮೇಲೆ ನಮ್ಮ ಗುಂಪಿನಲ್ಲೇ ಜಗಳ ಇದೆ. ಆಲಿವ್ ರಿಡ್ಲೆ ಒಂದು ಗೂಡಿಗೆ ನೂರರ ಮೇಲೆ ಮೊಟ್ಟೆ ಇಡುತ್ತದೆ, 45ರಿಂದ 60 ದಿನದಲ್ಲಿ ಮರಿ ಬರುತ್ತದೆ. ನಾಯಿ, ನರಿ, ಮನುಷ್ಯರಿಂದ ಆ ಗೂಡು ಕಾಯುವುದು ಕಣ್ಣಿಗೆ ಕಾಣುವ ಕೆಲಸ. ಖರ್ಚೂ ಕಡಿಮೆ. ಆದರೆ ಆ ಮರಿಗಳಲ್ಲಿ ದೊಡ್ಡದಾಗುವವು ಬೆರಳೆಣಿಕೆ. ಅಮೆರಿಕದ ಲಾಗರ್‌ಹೆಡ್ ಆಮೆಗಳ ಮೇಲೆ 1987ರಲ್ಲಿ ಬಂದ ಒಂದು ಪ್ರಸಿದ್ಧ ಲೆಕ್ಕಾಚಾರ ಇದನ್ನೇ ಹೇಳಿತು: ಮೊಟ್ಟೆಗಳನ್ನಷ್ಟೇ ಉಳಿಸಿದರೆ ಸಾಲದು, ಬೆಳೆದ ಮತ್ತು ಬೆಳೆಯುತ್ತಿರುವ ಆಮೆಗಳು ಬಲೆಯಲ್ಲಿ ಸಾಯುವುದು ನಿಲ್ಲದಿದ್ದರೆ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ. ಬೆಳೆದ ಆಮೆ ಎಲ್ಲಿರುತ್ತದೆ ಅಂತ ಗೊತ್ತಾಗದೆ ಬಲೆ ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದು ಹೇಗೆ?

ನನ್ನ ಅಭಿಪ್ರಾಯ ಕೇಳಿದರೆ, ಹೊಸದಾಗಿ ಕೊಡುವವರು ಟ್ಯಾಗ್ ಮತ್ತು ತೀರದ ಕಾವಲು ಎರಡನ್ನೂ ಮಾಡುವ ಸಂಸ್ಥೆಗೆ ಕೊಡಿ. ನಕ್ಷೆ ಮಾತ್ರ ತೋರಿಸಿ, ತೀರದಲ್ಲಿ ಯಾರು ನಡೆಯುತ್ತಾರೆ ಅಂತ ಹೇಳದ ಕಡೆ ನಾನಂತೂ ಕೊಡುವುದಿಲ್ಲ.

ಎಷ್ಟು ಕೊಡಬೇಕು?

ಗೊಂಬೆ, ಪ್ರಮಾಣಪತ್ರದ ಮಟ್ಟದ ದತ್ತು ಯೋಜನೆಗೆ ಕೆಲವು ಸಾವಿರ ಸಾಕು. ಒಂದು ಟ್ಯಾಗ್ ಪೂರ್ತಿ ನಿಮ್ಮ ಲೆಕ್ಕಕ್ಕೆ ಬೇಕು ಅಂದರೆ ಲಕ್ಷದ ಮಾತು. ಅದು ವಿದೇಶದಿಂದ ಬರಬೇಕು, ಜೊತೆಗೆ ಉಪಗ್ರಹದ ಮಾಹಿತಿಗೆ ಬೇರೆ ಶುಲ್ಕ. ಅದಕ್ಕೆ ಆಫೀಸಿನಲ್ಲಿ ಸಿಎಸ್‌ಆರ್, ಅಂದರೆ ಕಂಪನಿ ಸಮಾಜದ ಕೆಲಸಕ್ಕೆ ಕೊಡುವ ದುಡ್ಡು, ನೋಡಿಕೊಳ್ಳುವವರನ್ನು ಹಿಡಿಯುವುದು ಸುಲಭ. ಪರಿಸರ ಮತ್ತು ಪ್ರಾಣಿಗಳ ರಕ್ಷಣೆ ಕಂಪನಿ ಕಾಯ್ದೆಯ ಸಿಎಸ್‌ಆರ್ ಪಟ್ಟಿಯಲ್ಲೇ ಇದೆ.

ಅಸಲಿ ಸಂಸ್ಥೆ ಅಂತ ತಿಳಿಯೋದು ಹೇಗೆ?

ಫೋನ್ ಮಾಡಿ ಕೇಳಿ. ಟ್ಯಾಗ್ ಹಾಕಿದ್ದು ಯಾವ ತೀರದಲ್ಲಿ, ಯಾವ ವರ್ಷ, ಯಾರ ಅನುಮತಿಯಿಂದ? ಮಾಹಿತಿ ಯಾರ ಕೈಯಲ್ಲಿದೆ, ಅದರಿಂದ ಏನಾದರೂ ಪ್ರಕಟವಾಗಿದೆಯಾ? ಸಿಗ್ನಲ್ ನಿಂತರೆ ನಮಗೆ ಹೇಳುತ್ತೀರಾ? ಅಸಲಿ ಕೆಲಸ ಮಾಡುವವರು ಈ ಪ್ರಶ್ನೆ ಕೇಳಿದರೆ ಖುಷಿಯಾಗಿ ಅರ್ಧ ಗಂಟೆ ಮಾತಾಡುತ್ತಾರೆ, ನಿಲ್ಲಿಸುವುದೇ ಕಷ್ಟ. ಇನ್‌ಸ್ಟಾಗ್ರಾಮಿನಲ್ಲಿ ಮಣಿಸರ ಮಾರಿ, ಒಂದು ಸರಕ್ಕೆ ಒಂದು ಆಮೆ ಅನ್ನುವವರು ಕೆಲವರು ಇದ್ದಾರೆ. ಎಲ್ಲರೂ ಕಳ್ಳರಲ್ಲ. ಆದರೆ ಸರದ ಬೆಲೆಯಲ್ಲಿ ಎಷ್ಟು ಪಾಲು ಕಡಲಿಗೆ ಹೋಗುತ್ತದೆ ಅಂತ ಬರೆದಿಲ್ಲದಿದ್ದರೆ ಅದು ಬರೀ ಸರ.

ನಕ್ಷೆಯಲ್ಲಿ ಚುಕ್ಕಿ ಕೆಲವು ದಿನ ಹಿಂದಿನದ್ದಾಗಿದ್ದರೆ ಅನುಮಾನ ಪಡಬೇಡಿ. ಆಮೆ ಈಗ ಎಲ್ಲಿದೆ ಅಂತ ಎಲ್ಲರಿಗೂ ತೋರಿಸುವುದು ಕ್ಷೇಮವಲ್ಲ ಅಂತ ಬೇಕೆಂದೇ ತಡ ಮಾಡುವವರಿದ್ದಾರೆ.

ತೆರಿಗೆ ರಿಯಾಯಿತಿ ಸಿಗುತ್ತಾ?

ಸಂಸ್ಥೆಗೆ 80ಜಿ ಅಂತ ಎಲ್ಲರೂ ಕರೆಯುವ ನೋಂದಣಿ ಇದ್ದು, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಸಿಗುತ್ತದೆ. ಹೊಸ ಪದ್ಧತಿಯಲ್ಲಿದ್ದರೆ ಇಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೂ ಇಲ್ಲ, ಯುಪಿಐ ಮಾಡಿ. ಪ್ಯಾನ್ ನಂಬರ್ ಕೊಟ್ಟು ಪ್ರಮಾಣಪತ್ರ ಕೇಳಿ ಪಡೆಯಿರಿ.

ಫ್ಲೋರಿಡಾದ ಆಮೆ ಸ್ಪಾನ್ಸರ್ ಮಾಡಬಹುದಾ? ಅವರ ವೆಬ್‌ಸೈಟ್ ಚೆನ್ನಾಗಿದೆ.

ಮಾಡಬಹುದು. ಅಲ್ಲಿನ ಸೀ ಟರ್ಟಲ್ ಕನ್ಸರ್ವೆನ್ಸಿ 1959ರಿಂದ ಇರುವ ಸಂಸ್ಥೆ, ಟ್ಯಾಗ್ ಹಾಕಿದ ಆಮೆಗಳ ಓಟದ ಪಂದ್ಯ ಅಂತ ಪ್ರತಿ ವರ್ಷ ನಡೆಸುತ್ತದೆ, ಮಕ್ಕಳಿಗೆ ಬಹಳ ಇಷ್ಟ. ಆದರೆ ವಿದೇಶಿ ಸಂಸ್ಥೆಗೆ ಕೊಟ್ಟ ದುಡ್ಡಿಗೆ ಇಲ್ಲಿ ತೆರಿಗೆ ರಿಯಾಯಿತಿ ಇಲ್ಲ, ಮೇಲಿಂದ ಕಾರ್ಡಿನ ಫಾರೆಕ್ಸ್ ಶುಲ್ಕ. ಅದೇ ದುಡ್ಡಿಗೆ ಇಲ್ಲಿ ತೀರದಲ್ಲಿ ಹೆಚ್ಚು ರಾತ್ರಿ ಕಾವಲು ನಡೆಯುತ್ತದೆ.

ಆಮೆ ಸ್ಪಾನ್ಸರ್ ಮಾಡಿ ಸೀಗಡಿ ತಿಂದರೆ ತಪ್ಪಾ?

ಮೀನು ಬಿಡಿ ಅಂತ ಮಂಗಳೂರು ಕಡೆಯವರಿಗೆ ಹೇಳುವ ಧೈರ್ಯ ನಮಗಿಲ್ಲ. ಆದರೆ ವಿಷಯ ತಿಳಿದಿರಲಿ. ಕಡಲಾಮೆ ಗಾಳಿ ಉಸಿರಾಡುತ್ತದೆ. ಸೀಗಡಿಗೆ ಎಳೆಯುವ ಟ್ರಾಲ್ ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾಗದಿದ್ದರೆ ಮುಳುಗಿ ಸಾಯುತ್ತದೆ. 2025ರ ಜನವರಿಯಲ್ಲಿ ಚೆನ್ನೈ ತೀರಕ್ಕೆ ನೂರಾರು ಆಲಿವ್ ರಿಡ್ಲೆಗಳ ಹೆಣ ಬಂದು ಬಿದ್ದದ್ದು ಸುದ್ದಿಯಲ್ಲಿ ನೋಡಿರಬಹುದು. ಇದಕ್ಕೆ ಮದ್ದು ಇದೆ. ಬಲೆಯೊಳಗೆ ಕಂಬಿ ಚೌಕಟ್ಟು ಕೂರಿಸಿ ಆಮೆ ಹೊರಗೆ ಜಾರುವಂತೆ ಒಂದು ಕಂಡಿ ಬಿಡುವುದು, ಟೆಡ್ ಅನ್ನುತ್ತಾರೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ದೋಣಿಗಳಿಗೆ ಹೊಂದುವಂಥದ್ದನ್ನು ಮಾಡಿಕೊಟ್ಟಿದೆ. ಆ ಕಂಡಿಯಿಂದ ಮೀನೂ ಹೋಗುತ್ತದೆ ಅನ್ನುವುದು ಮೀನುಗಾರರ ದೂರು, ಆ ದೂರನ್ನು ಸುಮ್ನೆ ತಳ್ಳಿಹಾಕುವಂತಿಲ್ಲ, ಡೀಸೆಲ್ ಸಾಲ ಅವರ ತಲೆ ಮೇಲಿರುವುದು.

ನಮ್ಮಲ್ಲಿ ಮಳೆಗಾಲದ ರಜೆ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗಿನ ಆ ನಿಷೇಧ ಮೀನು ಮರಿ ಮಾಡುವುದಕ್ಕೆ. ಆಮೆ ಮೊಟ್ಟೆ ಇಡಲು ದಡದ ಹತ್ತಿರ ಬರುವುದು ಚಳಿಗಾಲದಲ್ಲಿ. ಒಡಿಶಾ ಆಮೆಗೋಸ್ಕರವೇ ನವೆಂಬರ್ 1ರಿಂದ ಮೇ 31ರವರೆಗೆ ಗಹಿರ್‌ಮಾಥಾ, ದೇವಿ, ಋಷಿಕುಲ್ಯಾ ತೀರಗಳ ಹತ್ತಿರ ಮೀನುಗಾರಿಕೆ ನಿಲ್ಲಿಸುತ್ತದೆ.

ಹೋಗಿ ಕಣ್ಣಾರೆ ನೋಡಬೇಕು. ಎಲ್ಲಿಗೆ ಹೋಗೋದು?

ಬೆಂಗಳೂರಿನಿಂದ ಸುಲಭ ಚೆನ್ನೈ. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿ. ಎಸ್‌ಎಸ್‌ಟಿಸಿಎನ್ ಅನ್ನುವ ವಿದ್ಯಾರ್ಥಿಗಳ ತಂಡ 1988ರಿಂದ ತೀರದಲ್ಲಿ ರಾತ್ರಿ ನಡೆಯುತ್ತಿದೆ, ಜನವರಿಯ ನಂತರದ ವಾರಾಂತ್ಯಗಳಲ್ಲಿ ಸಾರ್ವಜನಿಕರನ್ನೂ ಕರೆದೊಯ್ಯುತ್ತದೆ. ಆಮೆ ಸಿಕ್ಕೇ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ, ಕಾಲು ನೋವಂತೂ ಗ್ಯಾರಂಟಿ. ಮರಿಗಳನ್ನು ಬಿಡುವುದು ನೋಡಬೇಕಿದ್ದರೆ ರತ್ನಾಗಿರಿ ಜಿಲ್ಲೆಯ ವೇಳಾಸ್ ಊರಿಗೆ ಹೋಗಿ, ಅಲ್ಲಿ ಊರವರ ಮನೆಯಲ್ಲೇ ಊಟ, ವಸತಿ.

ನಮ್ಮ ಕರಾವಳಿಯಲ್ಲೂ ಕಾರವಾರ, ಹೊನ್ನಾವರದ ಕಾಸರಕೋಡು, ಕುಂದಾಪುರ, ಮಂಗಳೂರಿನ ಹತ್ತಿರ ಆಲಿವ್ ರಿಡ್ಲೆ ಮೊಟ್ಟೆ ಇಡುತ್ತದೆ. ಅರಣ್ಯ ಇಲಾಖೆಯವರು ಮೀನುಗಾರರ ಸಹಾಯದಿಂದ ಗೂಡಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದವರಿಗೆ ನೀರಿನಲ್ಲೇ ಹಸಿರು ಆಮೆ ಕಂಡದ್ದುಂಟು. ಎಲ್ಲಿಗೇ ಹೋಗಿ, ಮೊಬೈಲ್ ಟಾರ್ಚ್ ಹಾಕಬೇಡಿ. ಮರಿಗಳು ಬೆಳಕಿರುವ ಕಡೆಯೇ ಕಡಲು ಅಂತ ಹೋಗುತ್ತವೆ, ರೆಸಾರ್ಟಿನ ದೀಪ ನೋಡಿ ರಸ್ತೆಗೆ ಬರುವುದು ಹೀಗೆಯೇ.

ತೀರದಲ್ಲಿ ಟ್ಯಾಗ್ ಇರುವ ಆಮೆ ಕಂಡರೆ ಏನು ಮಾಡಬೇಕು?

ಜೀವಂತ ಇದ್ದು ಮೊಟ್ಟೆ ಇಡುತ್ತಿದ್ದರೆ ದೂರದಲ್ಲಿ, ಅದರ ಹಿಂದೆ, ಕತ್ತಲಲ್ಲಿ ಕೂತಿರಿ. ಮುಗಿಸಿ ಹೊರಟ ಮೇಲೆ ಟ್ಯಾಗಿನ ನಂಬರ್ ಓದಲಾದರೆ ಬರೆದುಕೊಳ್ಳಿ, ಫ್ಲಾಶ್ ಇಲ್ಲದೆ ಫೋಟೊ ತೆಗೆಯಿರಿ. ನೀರಿಗೆ ತಳ್ಳಬೇಡಿ. ಸತ್ತಿದ್ದರೂ ಟ್ಯಾಗ್ ಕಿತ್ತುಕೊಂಡು ನೆನಪಿಗೆ ಮನೆಗೆ ತರಬೇಡಿ. ಎರಡೂ ಸಂದರ್ಭದಲ್ಲಿ ಕರ್ನಾಟಕದ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ತೀರದ ಹೆಸರು, ಹೊತ್ತು, ನಂಬರ್ ಹೇಳಿ.